ಚನ್ನವ್ವನ ಜಾಗ

ಗಾಡಿಮನೆಯ ಒಲೆ ಕಸ್ತೂರೆವ್ವನ ಕೈಗೆ ಬೇಗ ಒಗ್ಗಿತು. ಸಮುದ್ರ ಮಾತ್ರ ಒಗ್ಗಲಿಲ್ಲ. ಗಾಡಿಮನೆಯೆಂದರೆ ಒಳಗೇ ಉಂಡು ಮಲಗುವ ಬಾಡಿಗೆಯ ವ್ಯಾನು. ಒಲೆಯೆಂದರೆ ಪುಟ್ಟ ಗ್ಯಾಸಿನ ಎರಡು ಉರಿ, ಪಕ್ಕದಲ್ಲಿ ತೊಟ್ಟಿಲಿನಷ್ಟು ಕಟ್ಟೆ. ರೊಟ್ಟಿ ಬಡಿಯಲು ನಿಂತರೆ ಮೊಳಕೈ ತಗಡಿನ ಗೋಡೆಗೆ ತಾಗುತ್ತಿತ್ತು. ಆದರೂ ಬಡಿಯುತ್ತಿದ್ದಳು. ಮೋರಟಗಿಯಿಂದ ಹಳೆಯ ಸೀರೆಯಲ್ಲಿ ಸುತ್ತಿ ತಂದ ಜೋಳದ ಹಿಟ್ಟು ವಿಮಾನ ಇಳಿದ ಮೇಲೂ ಊರಿನ ಬೀಸುಕಲ್ಲಿನ ವಾಸನೆ ಬಿಟ್ಟಿರಲಿಲ್ಲ. ಅವಳ ಅಂಗೈ ಬಿದ್ದ ಹಾಗೆಲ್ಲ ಗೂಡಿನಲ್ಲಿದ್ದ ಪಿಂಗಾಣಿ ತಟ್ಟೆಗಳು ಗಲಗಲ ನಡುಗುತ್ತಿದ್ದವು. ಹೊರಗೆ ಕಟ್ಟೆಗೋಡೆಯ ಆಚೆ ಮೇಯುತ್ತಿದ್ದ ಕುರಿಗಳು ತಲೆ ಎತ್ತಿ ನೋಡುತ್ತಿದ್ದವು.

"ಅಕ್ಕಾ, ನಿನ್ನ ರೊಟ್ಟಿ ಸಪ್ಪಳಕ್ಕ ಇಡೀ ಹಿಂಡು ಎಚ್ಚರಾತು ನೋಡು" ಎಂದ ಗುರಲಿಂಗಪ್ಪ, ಮಡಚುವ ಮೇಜಿನ ಮೇಲೆ ನಕಾಶೆ ಹರಡಿಕೊಂಡು.

"ಆಗ್ಲಿ ಬಿಡು. ಎಚ್ಚರ ಇರೋದು ಚಲೋದು. ನೀ ಒಬ್ಬಾಂವ ಎಚ್ಚರ ಇದ್ದಿದ್ರ ನಾ ಇಷ್ಟ ದೂರ ಬರೋದಿರಲಿಲ್ಲ."

ಅವನು ನಕಾಶೆಯ ಕಡೆಗೆ ಮುಖ ಹಾಕಿದ. ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತೆಂದು ಕಸ್ತೂರೆವ್ವನಿಗೆ ಗೊತ್ತಾಯಿತು. ರೊಟ್ಟಿ ಮಗುಚಿದಳು. ಸಮಾಧಾನವೇನೂ ಆಗಲಿಲ್ಲ.

ಗುರಲಿಂಗಪ್ಪ ಅವಳ ತಮ್ಮ. ಅಳಿಯನೂ ಅವನೇ. ಬಸವನ ಬಾಗೇವಾಡಿಯ ತವರಿನಲ್ಲಿ ತಾಯಿ ತೀರಿಕೊಂಡಾಗ ಅವನಿನ್ನೂ ಚಡ್ಡಿ ಕಟ್ಟಲು ಬಾರದ ಹುಡುಗ. ಎತ್ತಿ ಆಡಿಸಿದವಳು, ಬಡಿದು ಸಾಲಿಗೆ ಕಳಿಸಿದವಳು ಅವಳೇ. ಅವಳ ಮೊದಲ ಹೆರಿಗೆಗೆ ತವರಿಗೆ ಬಂದಾಗ ಚನ್ನವ್ವನ ತೊಟ್ಟಿಲು ತೂಗಿದವನು ಅವನು. ಹುಡುಗಿ ದೊಡ್ಡವಳಾದ ಮೇಲೆ, ಅವನು ಡಾಕ್ಟರಿಕೆ ಓದಿ ಬಂದ ಮೇಲೆ, ಇಂಡಿ ತಾಲೂಕಿನ ಕಡೆಯಿಂದ ಒಳ್ಳೆಯ ಮನೆತನವೊಂದು ಕೇಳಿಕೊಂಡು ಬಂದಿತ್ತು. ಗಂಡ ಮಡಿವಾಳಪ್ಪನಿಗೆ ಅಲ್ಲಿಗೆ ಕೊಡುವ ಮನಸ್ಸು. "ನನ್ನ ತಮ್ಮ ಇರುವಾಗ ಮಗಳು ಹೊರಗ್ಯಾಕ ಹೋಗಬೇಕು?" ಎಂದು ಹಟ ಹಿಡಿದವಳು ಕಸ್ತೂರೆವ್ವ. ಮದುವೆಯ ಹಂದರದಲ್ಲಿ ಹೆಂಗಸರು ಅವನನ್ನು ಕಾಡಿದ್ದೇ ಕಾಡಿದ್ದು: "ಇನ್ನ ಅಕ್ಕಾ ಅಂತೀಯೋ, ಅತ್ತೀ ಅಂತೀಯೋ?" ಅವನು ನಾಚಿ ಅಕ್ಕನ ಹಿಂದೆಯೇ ಅಡಗಿದ್ದ. ಆಮೇಲೆ ವಿಲಾಯತಿಯಲ್ಲಿ ಕೆಲಸ ಸಿಕ್ಕಿತು, ಚನ್ನವ್ವನೂ ಜೊತೆಗೆ ಹೋದಳು.

ಅಲ್ಲಿಂದ ಒಂದು ಚಳಿಗಾಲ ತಂತಿ ಬಂತು. ಜ್ವರ ತಲೆಗೇರಿತ್ತಂತೆ. ಡಾಕ್ಟರನ ಹೆಂಡತಿ, ಆಸ್ಪತ್ರೆಯಲ್ಲೇ ಹೋಗಿಬಿಟ್ಟಳು.

ಹೋದದ್ದನ್ನು ಹೇಗೋ ನುಂಗಬಹುದಿತ್ತು. ಆದರೆ ಅವಳನ್ನು ಸುಟ್ಟರು. ಮೋರಟಗಿಯಲ್ಲಿ ಅವರ ಮಂದಿಯಲ್ಲಿ ಸತ್ತವರನ್ನು ಸುಡುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಕೂತವರನ್ನು ಕೂತ ಹಾಗೆಯೇ ಒಯ್ದು, ಕೈಯಲ್ಲಿ ಲಿಂಗ ಇಟ್ಟು, ಸ್ವಂತ ಹೊಲದಲ್ಲಿ ಕುಣಿ ತೆಗೆದು ಮಣ್ಣು ಕೊಡುತ್ತಾರೆ. ಮಡಿವಾಳಪ್ಪನ ಮನೆತನದ ಹಿರಿಯರೆಲ್ಲ ಹೊಲದ ಮೂಡಣ ಬದುವಿಗೆ ಸಾಲಾಗಿ ಕೂತಿದ್ದಾರೆ. ಹಬ್ಬ ಬಂದರೆ ಎಡೆ ಅಲ್ಲಿಗೇ ಹೋಗುತ್ತದೆ. ವಿಲಾಯತಿಯಲ್ಲಿ ಚನ್ನವ್ವನನ್ನು ಯಂತ್ರದ ಕುಲುಮೆಗೆ ಹಾಕಿದರಂತೆ, ಬೂದಿಯನ್ನು ಅವನು ಸಮುದ್ರಕ್ಕೆ ಬಿಟ್ಟನಂತೆ ಎಂದು ಸುದ್ದಿ ಬಂದಾಗ ನೆರೆಮನೆಯ ದುರ್ಗವ್ವ ಬಾಗಿಲಲ್ಲಿ ನಿಂತು ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಸುಟ್ರಂತಲ್ಲಬೇ? ಯವ್ವಾ, ಹಡದಾಕಿ ಹೋಗಿ ಅಳಾಕರ ಒಂದ ಜಾಗಾ ಬ್ಯಾಡೇನ?"

ದುರ್ಗವ್ವ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಆ ಮಾತು ಮುಳ್ಳಾಗಿ ಒಳಗೇ ಉಳಿಯಿತು. ಊರಿನಲ್ಲಿ ಯಾರೇ ಸತ್ತರೂ ಹಾಡಿ ಅಳುವುದಕ್ಕೆ ಕಸ್ತೂರೆವ್ವನನ್ನು ಕರೆಯುತ್ತಿದ್ದರು. ಕೂಡಿಸಿದ ದೇಹದ ಮುಂದೆ ಹೆಂಗಸರೊಡನೆ ಕೂತು ಅವಳು ದನಿ ತೆಗೆದರೆ, ಸತ್ತವರ ಗುಣ, ಉಣ್ಣುವ ರೀತಿ, ಬಯ್ಯುವ ರೀತಿ ಎಲ್ಲ ಹಾಡಾಗಿ ಬರುತ್ತಿತ್ತು. ಜಗಳವಾಡಿದ ಓರಗಿತ್ತಿಯೂ ಬಂದು ಅವಳ ಹೆಗಲಿಗೆ ತಲೆ ಇಡುತ್ತಿದ್ದಳು. ತನ್ನ ಮಗಳಿಗೆ ಮಾತ್ರ ಒಂದು ಸೊಲ್ಲು ಬರಲಿಲ್ಲ. ಎದುರಿಗೆ ದೇಹವಿಲ್ಲ, ಕುಣಿಯಿಲ್ಲ, ಯಾವ ದಿಕ್ಕಿಗೆ ಮುಖ ಮಾಡಿ ಅಳುವುದು? ಎರಡು ಸುಗ್ಗಿ ಒಣಗಿದ ಗಂಟಲಲ್ಲೇ ಕಳೆದವು. ಕೊನೆಗೆ ಗಂಡನಿಗೆ ಹೇಳಿದಳು: "ಬೂದಿ ಬಿಟ್ಟ ಜಾಗಾಕರ ನನ್ನ ಒಯ್ಯಲಿ. ಅಲ್ಲಿ ಕುಂತು ಒಮ್ಮಿ ಅತ್ತು ಬರ್ತೇನಿ. ಆಮ್ಯಾಲ ಏನೂ ಕೇಳೂದಿಲ್ಲ."

ಮಡಿವಾಳಪ್ಪ, "ನೀನ ಕೊಟ್ಟಿ. ನೀನ ಹೋಗಿ ನೋಡಿ ಬಾ" ಎಂದ. ತುರ್ತುಪರಿಸ್ಥಿತಿ ಮುಗಿದ ವರ್ಷದ ಬೇಸಿಗೆಯಲ್ಲಿ ಮುಂಬಯಿತನಕ ಬಂದು ಅವಳನ್ನು ವಿಮಾನ ಹತ್ತಿಸಿದ.

ತಮ್ಮನ ಎದುರಿಗೆ ನಿಂತಾಗಲೇ ಅವಳಿಗೆ ತಿಳಿದದ್ದು: ಜಾಗ ಯಾವುದೆಂದು ಅವನಿಗೂ ಗೊತ್ತಿರಲಿಲ್ಲ.

*

ಅವನಿಗೆ ನೆನಪಿದ್ದದ್ದು ಇಷ್ಟು. ಕಾರ್ನ್‌ವಾಲ್ ಎಂಬ ಸೀಮೆ, ಅಟ್ಲಾಂಟಿಕ್ ಸಮುದ್ರದ ದಂಡೆ. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಗಂಡಹೆಂಡತಿ ಇಂಥದೇ ಗಾಡಿಮನೆ ಬಾಡಿಗೆಗೆ ಹಿಡಿದು ಆ ದಂಡೆಗುಂಟ ಸುತ್ತಿದ್ದರು. ಚನ್ನವ್ವನಿಗೆ ಅದು ಬಹಳ ಸೇರಿತ್ತು. ಅದಕ್ಕೇ ಬೂದಿಯನ್ನು ಅಲ್ಲಿಗೇ ಒಯ್ದ. ನವೆಂಬರದ ಚಳಿ, ಕೈ ಚಾಚಿದರೆ ಕೈ ಕಾಣದ ಮಂಜು. ನಿದ್ದೆಯಿಲ್ಲದೆ ಗಾಡಿ ಹೊಡೆದಿದ್ದ. ಎಲ್ಲೋ ನಿಲ್ಲಿಸಿದ. ಒಂದು ಕಲ್ಲಿನ ಗೋಡೆ ದಾಟಿದ, ಹಳದಿ ಹೂವಿನ ಮುಳ್ಳುಕಂಟಿಗಳ ನಡುವೆ ನಡೆದ, ನೆಲ ಮುಗಿದಲ್ಲಿ ನಿಂತ. ಕೆಳಗೆ ನೀರು ಕಾಣಲಿಲ್ಲ, ಸಪ್ಪಳ ಮಾತ್ರ ಕೇಳಿಸಿತು. ಬೂದಿಯನ್ನೂ ಲಿಂಗವನ್ನೂ ಬಿಟ್ಟು ಬಂದ.

ಗೋಡೆ, ಮುಳ್ಳುಕಂಟಿ, ನೀರಿನ ಸಪ್ಪಳ. ಅವು ಇಲ್ಲದ ಜಾಗವೇ ಆ ದಂಡೆಯಲ್ಲಿ ಇರಲಿಲ್ಲ. ನೆಲವು ಬೆರಳು ಬೆರಳಾಗಿ ಸೀಳಿ ಸಮುದ್ರದೊಳಕ್ಕೆ ಚಾಚಿಕೊಂಡಿತ್ತು. ಒಂದೊಂದು ಗುಡ್ಡದ ಮೂತಿಯೂ ಕರಿಬಂಡೆ, ಒಂದೊಂದರ ಬುಡಕ್ಕೂ ಬಿಳಿ ನೊರೆ. ಎಂದೋ ಮುಚ್ಚಿದ ತವರದ ಗಣಿಗಳ ಕಲ್ಲಿನ ಚಿಮಣಿಗಳು ಅಲ್ಲಲ್ಲಿ ಒಂಟಿಯಾಗಿ ನಿಂತಿದ್ದವು. ಭೀಮೆ ಉಕ್ಕಿ ದೇವಣಗಾಂವದ ಹೊಲಗಳಿಗೆ ನುಗ್ಗಿದ್ದನ್ನು ಕಸ್ತೂರೆವ್ವ ಕಂಡಿದ್ದಳು. ಅವತ್ತೂ ಆಚೆಯ ದಂಡೆಯ ಗಿಡಗಳ ತಲೆ ಕಾಣುತ್ತಿದ್ದವು. ಈ ನೀರಿಗೆ ಆಚೆಯ ದಂಡೆಯೇ ಇರಲಿಲ್ಲ.

ಇಕ್ಕೆಲಕ್ಕೂ ಕಂಟಿ ಬೆಳೆದ ಇಕ್ಕಟ್ಟಿನ ದಾರಿಯಲ್ಲಿ ಗಾಡಿಮನೆ ಒಂದು ಮೂತಿಯಿಂದ ಇನ್ನೊಂದಕ್ಕೆ ತೂರಾಡುತ್ತ ಹೋಗುತ್ತಿತ್ತು. ಎದುರು ಕಾರು ಬಂದರೆ ಹಿಂದಕ್ಕೆ ಸರಿಯಬೇಕು, ಆಗ ಕಸ್ತೂರೆವ್ವ ಹಿಂದಿನ ಗಾಜಿನಿಂದ ನೋಡಿ, "ಬರ್ಲಿ, ಬರ್ಲಿ, ಏ ನಿಲ್ಲೋ, ಗ್ವಾಡಿ ಐತಿ!" ಎಂದು ಕೂಗುತ್ತಿದ್ದಳು. ಪ್ರತಿ ಮೂತಿಯ ಹತ್ತಿರ ಅವನು ಇಳಿದು ನಡೆದು ಹೋಗುತ್ತಿದ್ದ. ತುದಿಯಲ್ಲಿ ನಿಂತು ಆ ಕಡೆ ಈ ಕಡೆ ನೋಡುತ್ತಿದ್ದ. ಕಣ್ಣು ಮುಚ್ಚಿ ಸಪ್ಪಳ ಕೇಳುತ್ತಿದ್ದ. ತಿರುಗಿ ಬರುವಾಗ ದೂರದಿಂದಲೇ ಅವನ ತಲೆ ಅಲ್ಲಾಡುವುದು ಕಾಣುತ್ತಿತ್ತು. ಅವಳು ಸೆರಗಿನ ಮೇಲೆ ಅವನದೇ ದಪ್ಪ ಕೋಟು ಹಾಕಿಕೊಂಡು ಗಾಡಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದಳು.

ಒಂದು ಸಂಜೆ ಹೊಲವೊಂದರಲ್ಲಿ ಗಾಡಿ ನಿಲ್ಲಿಸಿದರು. ಹೊಲದೊಡತಿ ಕೆಂಪು ಕೆನ್ನೆಯ ಮುದುಕಿ, ಗಮ್‌ಬೂಟು ಹಾಕಿಕೊಂಡು ಬಂದು ಬುಟ್ಟಿಯ ತುಂಬ ಮೊಟ್ಟೆ ಕೊಟ್ಟಳು. ಕಸ್ತೂರೆವ್ವ ಬುಟ್ಟಿಯನ್ನು ಹಾವು ಹಿಡಿದಂತೆ ಹಿಡಿದು ನಿಂತಳು.

"ಗುರಲಿಂಗಾ, ಇವ್ನ ಏನ ಮಾಡ್ಲೋ? ಒಲ್ಲೆ ಅಂದ್ರ ಮುದುಕಿ ಮಾರಿ ಸಣ್ಣದಾಗತೈತಿ."

"ಇಟ್ಕೋ ಅಕ್ಕಾ. ನಾಳೆ ಯಾರಿಗರ ಕೊಡೂಣಂತ."

"ಒಳಗ ನನ್ನ ಹಿಟ್ಟಿನ ಬಾಜೂಕ ಇಡಬ್ಯಾಡ ಮತ್ತ. ನಿನ್ನ ಕಾಲ ಬುಡಕ ಇಟಗೋ. ಗಾಡಿ ಹೊಡಿಯೂಮುಂದ ಒಡದ್ರ ನೀನ ಬಳಿ."

ಮುದುಕಿಗೆ ಏನು ತಿಳಿಯಿತೋ, ನಕ್ಕಳು. ಆಮೇಲೆ ಅವನೊಡನೆ ಇಂಗ್ಲಿಷಿನಲ್ಲಿ ಮಾತಾಡಿದಳು. ಅವನು ಹುಡುಕುತ್ತಿರುವುದನ್ನು ಕೇಳಿ ನಗು ನಿಲ್ಲಿಸಿದಳು. ಏನಂದಳು ಎಂದು ಕೇಳಿದರೆ, "ಇಲ್ಲೇ ಹುಟ್ಟಿ ಬೆಳದಾಕಿ ನಾನು, ಮಂಜಿನ್ಯಾಗ ನನ್ನ ಹೊಲಾನ ನನಗ ಗುರ್ತು ಸಿಗೂದಿಲ್ಲಾ ಅಂದ್ಲು" ಎಂದ. ಹೋಗುವ ಮೊದಲು ಮುದುಕಿ ಕಸ್ತೂರೆವ್ವನ ಕೈಯನ್ನು ಒಮ್ಮೆ ಒತ್ತಿದಳು. ಮುದುಕಿಯ ಅಂಗೈಯೂ ಜಡ್ಡುಗಟ್ಟಿತ್ತು.

ಗಾಡಿ ಓಡುವಾಗ ಅವನು ಒಮ್ಮೊಮ್ಮೆ ಚನ್ನವ್ವನ ಮಾತೆತ್ತುತ್ತಿದ್ದ. "ಗಾಡಿಮನಿ ಅನ್ನೋ ಹೆಸರು ಆಕೀನ ಇಟ್ಟದ್ದಕ್ಕ. ಮ್ಯಾಲಿನ ಹಾಸಿಗಿ ಆಕೀಗೆ ಬೇಕು. ಅಲ್ಲಿ ಮಕಾಡಿ ಮಲಗಿ, ಕಿಡಕ್ಯಾಗ ತಲಿ ಹಾಕಿ ಹಾಡ್ತಿದ್ಲು. ಗಾಳ್ಯಾಗ ಕೂದಲಾ ಬಿಚ್ಚಿ ಓಡ್ತಿದ್ಲು. ನಗಾಕ ಹತ್ತಿದ್ರ ನಿಲ್ಲಸ್ತಿದ್ದಿಲ್ಲ."

ಕಸ್ತೂರೆವ್ವ ಕೇಳುತ್ತಿದ್ದಳು. ಅವಳಿಗೆ ಗೊತ್ತಿದ್ದ ಚನ್ನವ್ವ ಸೆರಗು ಹಲ್ಲಲ್ಲಿ ಕಚ್ಚಿ ನಗುವ ಹುಡುಗಿ, ಪಡಸಾಲೆಯಲ್ಲಿ ಗಂಡಸರಿದ್ದರೆ ಗೋಡೆಗುಂಟ ನಡೆಯುವವಳು. ಕೂದಲು ಬಿಚ್ಚಿ ಓಡಿದವಳು ಯಾರು? ಆ ಮಗಳನ್ನು ತಾನು ಕಂಡೇ ಇಲ್ಲ. ಸುಟ್ಟದ್ದರ ಜೊತೆಗೆ ಇದೂ ಒಂದು ಉರಿ ಒಳಗೆ ಸೇರಿತು. ಬಾಯಿ ಬಿಡಿಸದೆ ಬೆಳೆಸಿದವಳು ತಾನು. ನಕ್ಕದ್ದು ಅವಳು ಇಲ್ಲಿ, ಈ ಪರದೇಶದ ಗಾಳಿಯ ಮುಂದೆ.

"ನನ್ನ ಮುಂದ ಆಕಿ ಹಂಗ ಎಂದೂ ನಕ್ಕಿಲ್ಲೋ" ಎಂದಳು ಒಮ್ಮೆ.

ಅವನು ಅಕ್ಕನ ಮುಖ ನೋಡಿ, ಆಮೇಲೆ ಆ ಮಾತು ಎತ್ತಲಿಲ್ಲ. ಎತ್ತಲಿ ಎಂದು ಅವಳಿಗೆ ಆಸೆಯಿತ್ತು. ಕೇಳಲಿಲ್ಲ.

*

ಮಳೆ ಹಿಡಿದುಕೊಂಡಿತು. ತಗಡಿನ ಮೇಲೆ ಹನಿ ಕುಟ್ಟುತ್ತಿತ್ತು. ಹೊರಗೆ ಇಳಿಯುವ ಹಾಗಿಲ್ಲ, ಒಳಗೆ ಒಬ್ಬರಿಗೊಬ್ಬರು ತಪ್ಪಿಸಿಕೊಳ್ಳುವ ಹಾಗಿಲ್ಲ. ಅಂಥ ಒಂದು ಮಧ್ಯಾಹ್ನ ಅವಳು ಬಂದಂದಿನಿಂದ ನಾಲಗೆಯ ತುದಿಯಲ್ಲಿದ್ದುದನ್ನು ಕೇಳಿಬಿಟ್ಟಳು.

"ನಮ್ಮ ಮಂದಿ ಸುಡೂದಿಲ್ರೀ ಅಂತ ಒಂದ ಮಾತ ಅನ್ನಾಕ ನಿನಗ ಬಾಯಿರಲಿಲ್ಲೇನೋ?"

ಗುರಲಿಂಗಪ್ಪ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ. "ದವಾಖಾನ್ಯಾಗ ಅವ್ರು ಕೇಳಿದ್ದು ಒಂದ ಮಾತಕ್ಕ. ಹಿಂದೂ ಏನು ಅಂತ. ಹೂಂ ಅಂದೆ. ಹಂಗಾರ ನಮಗ ಎಲ್ಲಾ ಗೊತ್ತೈತಿ, ನೀವೇನೂ ಚಿಂತಿ ಮಾಡಬ್ಯಾಡ್ರಿ ಅಂದ್ರು. ಕಾಳಜೀಲೇ ಅಂದ್ರು. ನಾ ಅಲ್ಲೇ ಹೇಳಬೇಕಿತ್ತು. ಕೂಡಿಸಿ ಮಣ್ಣ ಕೊಡಬೇಕ್ರಿ ಅಂತ. ದಿನಾ ಇಂಗ್ಲೀಷಿನ್ಯಾಗ ಮಂದಿ ರೋಗ ಕೇಳಾಂವ, ಆ ಒಂದ ಮಾತ ಆ ಭಾಷಾದಾಗ ಹ್ಯಾಂಗ ಹೇಳಬೇಕೋ ತಿಳೀಲಿಲ್ಲ. ಅಲ್ಲಿ ಎಲ್ಲಾರ್ನೂ ಪೆಟ್ಟಿಗ್ಯಾಗ ಮಲಗಿಸಿ ಹುಗೀತಾರ. ಚನ್ನಿನ್ನ ಮಲಗಿಸೋದು ನನ್ನ ಕೈಲೆ ಆಗಲಿಲ್ಲ. ಕೂಡಸ್ರಿ ಅನ್ನಾಕೂ ಆಗಲಿಲ್ಲ. ಹಂಗ ಕುಂತಿದ್ದೆ. ಅಷ್ಟರಾಗ ಆಗಿ ಹೋಗಿತ್ತು."

"ಬಿಟ್ಟ ಜಾಗದ್ದು ಹೆಸರಾದ್ರೂ ನೋಡಬಾರ್ದಿತ್ತ?"

"ನನ್ನ ಹೆಸರ ನನಗ ನೆನಪಿರಲಿಲ್ಲಕ್ಕ."

ಅವಳಿಗೆ ಕರುಣೆ ಬರಲಿಲ್ಲ. ಬರಬಾರದೆಂದು ತಾನೇ ತಡೆದಳೋ ಏನೋ. ಮಳೆಯ ಕಡೆ ನೋಡುತ್ತ ಕೂತಳು. ತಾನು ಇಲ್ಲಿಗೆ ಬಂದದ್ದು ಅಳುವುದಕ್ಕಷ್ಟೇ ಅಲ್ಲ, ಇವನನ್ನು ತನ್ನ ಎದುರು ನಿಲ್ಲಿಸಿ ಈ ಮಾತು ಕೇಳುವುದಕ್ಕೂ ಹೌದೆಂದು ಅವಳಿಗೆ ಆಗ ತಿಳಿಯಿತು. ಕೇಳಿಯಾಗಿತ್ತು. ಮಗಳ ಜಾಗ ಎಷ್ಟು ದೂರವಿತ್ತೋ ಅಷ್ಟೇ ದೂರ ಇತ್ತು.

ಆ ಮಾತಿನ ಮೇಲೆ ಅವನು ಊಟ ಕಡಿಮೆ ಮಾಡಿದ. ರೊಟ್ಟಿ ಮುರಿದು ತಟ್ಟೆಯ ಅಂಚಿಗೆ ಸರಿಸುತ್ತಿದ್ದ. ಗಡ್ಡ ಬೆಳೆಯಿತು. ಬೆಳಕು ಹರಿಯುವ ಮೊದಲೇ ಗಾಡಿ ಹೊಡೆಯಲು ಕೂರುತ್ತಿದ್ದ. ನೋಡಿ ಬಂದ ಮೂತಿಗಳಿಗೇ ಮತ್ತೆ ಹೋಗುತ್ತಿದ್ದ. "ಇದ ನೋಡೇವಲ್ಲೋ" ಎಂದರೆ, "ಸರಿಯಾಗಿ ನೋಡಿಲ್ಲಕ್ಕ" ಎನ್ನುತ್ತಿದ್ದ. ಅವನ ರಜೆ ಮುಗಿಯುತ್ತ ಬಂದಿತ್ತು.

ಅವತ್ತು ಮಂಜು ಇಳಿದಿತ್ತು. ಹೆಸರೂ ಗೊತ್ತಿರದ ಒಂದು ಮೂತಿಯ ಹತ್ತಿರ ಗಾಡಿ ನಿಲ್ಲಿಸಿ ಅವನು ಗೋಡೆ ದಾಟಿ ಹೋದ. ಕಸ್ತೂರೆವ್ವ ಮೆಟ್ಟಿಲ ಮೇಲೆ ಕೂತು ನೋಡಿದಳು. ಅವನು ಎಂದಿನ ಜಾಗದಲ್ಲಿ ನಿಲ್ಲಲಿಲ್ಲ. ತಂತಿಯ ಬೇಲಿ ದಾಟಿದ. ಹುಲ್ಲು ಮುಗಿದು ಬಂಡೆ ಜಾರುವಲ್ಲಿಗೆ ಇಳಿದ. ಅಲ್ಲಿ ತಲೆ ಬಗ್ಗಿಸಿ ಕೆಳಗೆ ನೋಡುತ್ತ ನಿಂತ. ಮಂಜು ಬಂದು ಅವನನ್ನು ಮುಚ್ಚಿತು, ತೆಗೆಯಿತು, ಮತ್ತೆ ಮುಚ್ಚಿತು. ತಿರುಗಿ ಬರುವ ಮನುಷ್ಯನ ನಿಲುವು ಅದಾಗಿರಲಿಲ್ಲ.

ಅವಳು ಹೇಗೆ ಗೋಡೆ ದಾಟಿದಳೋ ಅವಳಿಗೇ ಗೊತ್ತಿಲ್ಲ. ಸೀರೆ ಕಂಟಿಗೆ ಸಿಕ್ಕಿ ಹರಿಯಿತು. "ಗುರಲಿಂಗಾ! ಏ ಗುರಲಿಂಗಾ! ಹಿಂದಕ್ಕ ಬಾ!"

ಅವನು ತಿರುಗಲಿಲ್ಲ. "ಕೆಳಗ ನೋಡಿದ್ರ ನೆನಪಾಗತೈತೇನೋ ಅಂತಕ್ಕ" ಎಂದ. ದನಿ ಬಹಳ ಶಾಂತವಾಗಿತ್ತು.

ಅವಳು ಬೇಲಿ ಹಿಡಿದು ನಿಂತಳು. ಬಯ್ದರೆ ಬರುವುದಿಲ್ಲ, ಬೇಡಿದರೂ ಬರುವುದಿಲ್ಲ. ಅವನು ಹುಡುಕುವುದು ಸಿಗುವತನಕ ಎಲ್ಲಿಂದಲೂ ಬರುವುದಿಲ್ಲ. ಒಬ್ಬಳನ್ನು ಈ ನೀರಿಗೆ ಕೊಟ್ಟಾಗಿದೆ. ತೊಟ್ಟಿಲು ತೂಗಿದವನನ್ನೂ ಕೊಡುವುದೇ?

"ಇದ ಜಾಗಾ" ಎಂದಳು ಕಸ್ತೂರೆವ್ವ.

ಅವನು ತಿರುಗಿ ನೋಡಿದ.

"ಇದ ಜಾಗಾ ಐತೋ. ಗಾಡಿ ಇಳದಾಗಿಂದ ನನ್ನ ಹೊಟ್ಟ್ಯಾಗ ಒಂದ ಸವನ ತಿರುವಾಕತ್ತೈತಿ. ಹಡದಾಕಿ ನಾನು. ನಿನಗ ಗೊತ್ತಾಗದಿದ್ರ ನನಗ ಗೊತ್ತಾಗೂದಿಲ್ಲೇನು?"

"ಖರೇನಕ್ಕಾ?"

"ಇಲ್ಲೇ ಅದಾಳ ಆಕಿ. ಮ್ಯಾಲ ಬಾ. ನನ್ನ ಕೈ ಹಿಡಿ."

ಅವಳ ಹೊಟ್ಟೆಯಲ್ಲಿ ಏನೂ ತಿರುವಿರಲಿಲ್ಲ. ಹೆದರಿಕೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ನೆಲ ಅವಳಿಗೆ ಏನನ್ನೂ ಹೇಳಲಿಲ್ಲ. ಬೇರೆ ಮೂತಿಗಳು ಹೇಗೆ ಸುಮ್ಮನಿದ್ದವೋ ಇದೂ ಹಾಗೆಯೇ ಸುಮ್ಮನಿತ್ತು. ಅವನು ಬಂಡೆ ಹತ್ತಿ ಬಂದ. ಅವಳು ಅವನ ರಟ್ಟೆ ಹಿಡಿದು ಬೇಲಿಯ ಈಚೆಗೆ ಎಳೆದಳು. ಆಮೇಲೂ ಬಿಡಲಿಲ್ಲ.

"ಹೌದಕ್ಕ" ಎಂದ ಅವನು, ಸುತ್ತ ನೋಡುತ್ತ. "ಆ ಗ್ವಾಡಿ ಕಲ್ಲು ಬಿದ್ದೈತಲ್ಲ, ಅಲ್ಲೇ ನಾ ದಾಟಿದ್ದೆ. ಈ ಬೇಲಿ ಆಗ ಇರಲಿಲ್ಲ. ಹೌದು, ಹೌದು. ಸಪ್ಪಳಾನೂ ಇದ." ಅವನ ಮುಖ ಸಡಿಲವಾಗುತ್ತ ಬಂತು. ಅವಳು ಅವನನ್ನೇ ನೋಡುತ್ತಿದ್ದಳು. ಬೇಡವಾದರೂ ಒಳಗೆ ಒಂದು ಸಣ್ಣ ಆಸೆ ಎದ್ದಿತು: ನಿಜವಾಗಿಯೂ ಇದೇ ಇರಬಹುದೇ? ಮುಂದಿನ ಮಾತಿಗೆ ಅದು ಬಿದ್ದುಹೋಯಿತು. "ಅಲ್ಲಿ ಚಿಮಣಿ ಕಾಣತೈತಿ ನೋಡು, ಅದೂ ಇತ್ತಕ್ಕ" ಎಂದ. ಬೂದಿ ಬಿಟ್ಟ ದಿನ ಮಂಜಿನಲ್ಲಿ ಏನೂ ಕಾಣಲಿಲ್ಲವೆಂದು ಹೇಳಿದವನು ಅವನೇ.

ಅವಳು ಹಸಿ ಹುಲ್ಲಿನ ಮೇಲೆ ಕೂತಳು. ವಿಭೂತಿ ಹಚ್ಚಿಕೊಂಡಳು, ಅವನಿಗೂ ಹಚ್ಚಿದಳು. ಸಮುದ್ರಕ್ಕೆ ಮುಖ ಮಾಡಿ ದನಿ ತೆಗೆದಳು.

"ಬಾಗೇವಾಡಿ ಮನಿಯಾಗ ಹುಟ್ಟಿದಾಕಿ, ನನ್ನ ಚನ್ನವ್ವಾ, ಮಾವನ ಕೈಯಾನ ಹಗ್ಗಕ್ಕ ನಿದ್ದಿ ಹೋದಾಕಿ, ಈ ನೀರಿನ ತೊಟ್ಟಿಲಾ ಯಾರು ತೂಗತಾರ, ನನ್ನವ್ವಾ... ಸೆರಗಿನ್ಯಾಗ ನಗು ಕಟ್ಟಿ ಇಟ್ಟಾಕಿ, ಗಾಳ್ಯಾಗ ಬಿಚ್ಚಿ ಚೆಲ್ಲಿ ಹ್ವಾದೆಲ್ಲ, ನನ್ನವ್ವಾ..."

ಸೊಲ್ಲಿನ ಮೇಲೆ ಸೊಲ್ಲು ಬಂದವು. ತಪ್ಪಿಲ್ಲದೆ ಬಂದವು. ಮೋರಟಗಿಯಲ್ಲಿ ಯಾರದೋ ಮನೆಯ ಪಡಸಾಲೆಯಲ್ಲಿ ಕೂತು ಹಾಡಿದಾಗ ಬರುತ್ತಿದ್ದ ಹಾಗೆಯೇ. ಎಲ್ಲಿ ಏರಿಸಬೇಕು, ಎಲ್ಲಿ ಉಸಿರು ಬಿಡಬೇಕು, ಎಲ್ಲಿ ಪಕ್ಕದಲ್ಲಿರುವವನ ಎದೆ ಒಡೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗುರಲಿಂಗಪ್ಪ ಅವಳ ತೊಡೆಯ ಮೇಲೆ ತಲೆ ಇಟ್ಟು ಮಗುವಿನ ಹಾಗೆ ಅತ್ತ. ಅವನ ಬೆನ್ನು ಸವರುತ್ತ ಹಾಡಿದಳು. ಮಂದಿಯ ಸಾವಿಗೆ ಅತ್ತು ಅತ್ತು ರೂಢಿಯಾದ ಕಣ್ಣು ನೀರು ಕೊಟ್ಟವು. ಆದರೆ ಎಂದಿನಿಂದಲೋ ಗಂಟಲಿಗೆ ಅಡ್ಡ ನಿಂತಿದ್ದದ್ದು ಅಲ್ಲೇ ನಿಂತಿತ್ತು. ಅದು ಈ ಜಾಗದ್ದಲ್ಲ. ಅದರ ಜಾಗ ಯಾವುದೋ, ಇನ್ನು ಯಾರೂ ಹುಡುಕುವುದಿಲ್ಲ.

*

ಅವತ್ತು ಅವನು ರೊಟ್ಟಿ ಕೇಳಿ ಹಾಕಿಸಿಕೊಂಡ. "ಖಾರಬ್ಯಾಳಿ ಇನ್ನೊಂದಿಷ್ಟು ಐತೇನಕ್ಕಾ?" ಎಂದ. ಗಡ್ಡ ತೆಗೆದ. ಊರಲ್ಲಿ ಮಾವನಿಗೆ ಏನು ಹೇಳಬೇಕೆಂದು ತಾನೇ ಮಾತು ಜೋಡಿಸಿದ: ಕಲ್ಲಿನ ಗೋಡೆ, ಅದರಾಚೆ ಹಳದಿ ಹೂವು, ಬಲಕ್ಕೆ ಚಿಮಣಿ. "ಚಲೋ ಜಾಗಾ ಐತಿ ಅಂತ ಹೇಳಕ್ಕ. ಮುಂದಿನ ಸಲ ಅವ್ರನ್ನೂ ಕರಕೊಂಡು ಬರೂಣು."

"ಹೇಳ್ತೇನಿ" ಎಂದಳು.

ಹೇಳಬೇಕಾದೀತು. ದುರ್ಗವ್ವ ಕೇಳುತ್ತಾಳೆ, ಹೊಲದ ಬದುವಿನಲ್ಲಿ ಮಡಿವಾಳಪ್ಪ ಕೇಳುತ್ತಾನೆ. ಕೇಳಿದವರಿಗೆಲ್ಲ ಸಮಾಧಾನವಾಗುತ್ತದೆ. ಅವಳ ಬಾಯಿಂದ ಕೇಳಿ ಕೇಳಿ ಆ ಜಾಗ ಊರಿಗೆಲ್ಲ ಗುರುತಾಗಿಬಿಡುತ್ತದೆ.

ಮರುದಿನ ಗಾಡಿಮನೆ ಬಂದ ದಾರಿಯಲ್ಲೇ ತಿರುಗಿತು. ಮುಂದೆ ಅವನ ಪಕ್ಕದಲ್ಲಿ ಕೂರದೆ ಅವಳು ಹಿಂದಿನ ಗಾಜಿನ ಹತ್ತಿರ ಕೂತಳು. ಬಿಸಿಲು ಬಿದ್ದಿತ್ತು. ನೋಡಿ ಬಂದ ಮೂತಿಗಳು ಒಂದರ ಹಿಂದೊಂದು ಹಿಂದಕ್ಕೆ ಸರಿದವು. ನೋಡದೆ ಬಿಟ್ಟವೂ ಸರಿದವು. ಜಾತ್ರೆಯ ಗದ್ದಲದಲ್ಲಿ ಮಗುವಿನ ಕೈ ಬಿಟ್ಟವಳ ಹಾಗೆ ಅವಳು ಒಂದೊಂದರ ಮುಖವನ್ನೂ ನೋಡಿದಳು. ಇದಾದರೂ ಇದ್ದೀತು. ಅದಾದರೂ ಇದ್ದೀತು. ಒಂದನ್ನೂ ಬಿಡದೆ ಎಲ್ಲದಕ್ಕೂ ಕೈ ಮುಗಿದಳು, ಅವನ ಕನ್ನಡಿಯಲ್ಲಿ ಕಾಣದ ಹಾಗೆ, ಎದೆಯ ಹತ್ತಿರ ಸೆರಗಿನ ಒಳಗೆ.

"ಹಿಂದ ಒಬ್ಬಾಕೀನ ಏನ ಮಾಡಾಕತ್ತೀ ಅಕ್ಕಾ? ಮುಂದ ಬಾ, ಇಲ್ಲಿಂದ ಚಂದ ಕಾಣತೈತಿ."

"ಇಲ್ಲೇ ಇರ್ತೇನೋ. ನೀ ದಾರಿ ನೋಡಿ ಹೊಡಿ."